ಕನ್ನಡ ಹೋಗಿ ಪ್ರಶ್ನಾರ್ಥಕ ಚಿಹ್ನೆ ಉಳಿದಾಗ

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು. ಗಡಿ ವಿವಾದದ ಕಾಲದ ಕಾಸರಗೋಡಿನ ಬರಹಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಾಲ್ಕು ವರ್ಷದಿಂದ ವಿಭಾಗದ ಕಂಪ್ಯೂಟರಿನಲ್ಲಿ ಎಂಡ್‌ನೋಟ್ ಎಂಬ, ಆಕರಗಳ ಪಟ್ಟಿ ಇಡುವ ಸಾಫ್ಟ್‌ವೇರಿಗೆ ರೆಫರೆನ್ಸ್ ಹಾಕುತ್ತಾ ಬಂದಿದ್ದೇನೆ. ಈಗ 612 ಉಂಟು. ಕನ್ನಡ, ಮಲಯಾಳ, ಇಂಗ್ಲಿಷ್ ಎಲ್ಲ ಸೇರಿ. ಇನ್ನೊಂದು ತಿಂಗಳಿಗೆ ಆ ಕಂಪ್ಯೂಟರ್ ನನಗೆ ಸಿಗುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಝೊಟೆರೋ ಹಾಕಿಕೊಂಡಿದ್ದೇನೆ. ಜೊತೆಗೆ ಪೇಪರ್ ಬರೆಯುತ್ತಿರುವ ಮೇಷ್ಟ್ರು ಅದೇ ರೆಫರೆನ್ಸ್‌ಗಳನ್ನು ಬಿಬ್‌ಟೆಕ್ ಎಂಬ ಬಗೆಯ ಫೈಲಿನಲ್ಲಿ ಕೇಳುತ್ತಿದ್ದಾರೆ. ಮೊದಲ ಸಲ ಎಕ್ಸ್‌ಪೋರ್ಟ್ ಮಾಡಿದಾಗ ಬರೀ ಗ್ರಂಥಸೂಚಿಯ ಹಾಗೆ ಒಂದು ಪಟ್ಟಿ ಬಂತು, ಝೊಟೆರೋ ಅದನ್ನು ತೆಗೆದುಕೊಳ್ಳಲೇ ಇಲ್ಲ. ಎರಡನೇ ಸಲ ಬಂದ ಫೈಲನ್ನು ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ತೆರೆದು ಸೇವ್ ಮಾಡಿದೆವು. ಮನೆಗೆ ಬಂದು ನೋಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಕೆಲವು ಎಂಟ್ರಿಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಲೇಖಕರ ಹೆಸರು ತಲೆಕೆಳಗು. ಪಿಡಿಎಫ್ ಒಂದೂ ಬರಲಿಲ್ಲ. ಇಂಥ ಸಾಫ್ಟ್‌ವೇರಿನಲ್ಲಿ ಕನ್ನಡ ನಿಲ್ಲುವುದಿಲ್ಲ, ಇಂಗ್ಲಿಷ್ ಲಿಪಿಯಲ್ಲಿ ಮತ್ತೆ ಟೈಪ್ ಮಾಡಿ ಕೊಡುತ್ತೇವೆ, ಎಂಟ್ರಿಗೆ ಐದು ರೂಪಾಯಿ ಎಂದು ಅಂಗಡಿಯವರು ಹೇಳಿದ್ದಾರೆ. ಮೂರು ಅಧ್ಯಾಯ ವರ್ಡ್‌ನಲ್ಲಿ ಬರೆದು ಆಗಿದೆ. ಎಂತ ಮಾಡುವುದು ಸರ್?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ 612 ಎಲ್ಲಿಗೂ ಹೋಗಿಲ್ಲ. ಎಕ್ಸ್‌ಪೋರ್ಟ್ ಅಂದರೆ ನಕಲು ತೆಗೆಯುವುದು, ಅಷ್ಟೇ. ಹಾಳಾದದ್ದು ನಕಲು. ಮೂಲ ಇನ್ನೂ ವಿಭಾಗದ ಕಂಪ್ಯೂಟರಿನಲ್ಲಿ ಹಾಗೇ ಇದೆ. ಆದ್ದರಿಂದ ನಾಳೆ ಹೋದ ಕೂಡಲೇ ಬೇರೆ ಏನೂ ಮಾಡಬೇಡಿ. ಎಂಡ್‌ನೋಟ್‌ನ ಫೈಲ್ ಮೆನುವಿನಲ್ಲಿ ಕಂಪ್ರೆಸ್ಡ್ ಲೈಬ್ರರಿ ಎಂಬುದೊಂದು ಇದೆ. ಅದು ಲೈಬ್ರರಿಯನ್ನೂ ಅದರ ಪಿಡಿಎಫ್‌ಗಳನ್ನೂ ಸೇರಿಸಿ ಒಂದೇ ಗಂಟು ಕಟ್ಟಿ ಕೊಡುತ್ತದೆ. ಎರಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಒಂದಲ್ಲ, ಎರಡು. ಪಿಡಿಎಫ್ ಸೇರಿಸಬೇಕೋ ಬೇಡವೋ ಎಂದು ಕೇಳುತ್ತದೆ, ಸೇರಿಸಿ ಎನ್ನಿ.

ಈಗ ಅಂಗಡಿಯವರ ಮಾತು. ಕನ್ನಡ ನಿಲ್ಲುವುದಿಲ್ಲ ಎಂಬ ಮಾತನ್ನು ನಾನು ಗ್ರಂಥಾಲಯದ ಕೌಂಟರಿನಲ್ಲಿ ಕೂತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ, ಅವರ ಕಂಪ್ಯೂಟರಿನಲ್ಲಿ ಕಂಡದ್ದನ್ನು ಹೇಳುತ್ತಿದ್ದಾರೆ. ಆದರೆ ಎಂಡ್‌ನೋಟ್, ಝೊಟೆರೋ, ಮೆಂಡೆಲಿ ಮೂರೂ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಜಾಗ ಕೊಡುವ ವ್ಯವಸ್ಥೆ, ತಿಳಿದ ಸಾಫ್ಟ್‌ವೇರ್‌ಗಳು. ಕನ್ನಡವಾಗಲಿ ಮಲಯಾಳವಾಗಲಿ ಅವುಗಳೊಳಗೆ ಆರಾಮವಾಗಿ ಕೂರುತ್ತದೆ. ಕೆಡುವುದು ದಾರಿಯಲ್ಲಿ.

ಎಲ್ಲಿ ಕೆಟ್ಟಿತು ಎಂದು ತಿಳಿಯಲು ಕಸ ಯಾವ ಬಗೆಯದ್ದು ಎಂದು ನೋಡಬೇಕು. ನಿಮ್ಮ ಪತ್ರದಲ್ಲೇ ಎರಡು ಬಗೆ ಇವೆ.

ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಅಕ್ಷರ ನಿಜಕ್ಕೂ ಹೋಯಿತು ಎಂದರ್ಥ. ಆ ಫೈಲಿನಿಂದ ಅದನ್ನು ಯಾರೂ ವಾಪಸ್ ತರಲಾರರು. ಯುಟಿಎಫ್-8 ಎಂಬ ವಿಧಾನದಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ, ಕಾಗುಣಿತದ ಒಂದೊಂದು ಚಿಹ್ನೆಗೂ ಮೂರು ಬೈಟ್ ಜಾಗ ಬೇಕು. ಆನ್ಸಿ ಎಂಬ ಹಳೆಯ ವಿಧಾನದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ಅದರಲ್ಲಿ ಕನ್ನಡಕ್ಕೆ ಮನೆಯೇ ಇಲ್ಲ. ಮನೆ ಸಿಗದ ಪ್ರತಿ ಅಕ್ಷರದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್ ಸಾಮಾನ್ಯವಾಗಿ ಆನ್ಸಿಯಲ್ಲೇ ಸೇವ್ ಮಾಡುತ್ತಿತ್ತು. ಯೂನಿಕೋಡ್ ಅಕ್ಷರಗಳು ಹೋಗುತ್ತವೆ, ಪರವಾಗಿಲ್ಲವೇ ಎಂದು ಒಂದು ಸಣ್ಣ ಪೆಟ್ಟಿಗೆ ತೆರೆದು ಕೇಳುತ್ತಿತ್ತು ಕೂಡ. ಆ ಪೆಟ್ಟಿಗೆ ಕಂಡರೆ ಓದದೆ ಓಕೆ ಒತ್ತುವವರೇ ಜಾಸ್ತಿ, ನಾನೂ ಒತ್ತಿದ್ದೇನೆ. 2019ರ ನಂತರದ ವಿಂಡೋಸ್ 10ರಲ್ಲಿ ಇದು ಬದಲಾಗಿದೆ, ಈಗ ಯುಟಿಎಫ್-8 ತಾನಾಗಿಯೇ ಬರುತ್ತದೆ. ಅಂಗಡಿಯ ಕಂಪ್ಯೂಟರ್ ಅದಕ್ಕಿಂತ ಹಳೆಯದು ಎಂದು ನನ್ನ ಅಂದಾಜು. ಎಕ್ಸೆಲ್‌ನಲ್ಲೂ ಇದೇ ಕಥೆ. ಸುಮ್ನೆ ಸಿಎಸ್‌ವಿ ಎಂದು ಸೇವ್ ಮಾಡಿದರೆ ಕನ್ನಡ ಹೋಗುತ್ತದೆ, ಸಿಎಸ್‌ವಿ ಯುಟಿಎಫ್-8 ಎಂದು ಬೇರೆಯೇ ಒಂದು ಆಯ್ಕೆ ಇದೆ. ಎಕ್ಸ್‌ಪೋರ್ಟ್ ಆದ ಫೈಲನ್ನು ನೋಡಬೇಕು ಅನಿಸಿದರೆ ಅದರ ನಕಲನ್ನು ತೆರೆದು ನೋಡಿ, ಸೇವ್ ಮಾಡದೆ ಮುಚ್ಚಿ.

ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬೇರೆ ವಿಷಯ. ಇದರಲ್ಲಿಯೂ ಎರಡು ಜಾತಿ. ತಲೆ ಮೇಲೆ ಗೆರೆ, ಟೋಪಿ ಇಟ್ಟ ಇಂಗ್ಲಿಷ್ 'ಎ' ಅಕ್ಷರ ಎರಡು ಮೂರು ಗುರುತಿಗೊಮ್ಮೆ ಬರುತ್ತಿದ್ದರೆ, ಅದು ಸರಿಯಾದ ಯುಟಿಎಫ್-8 ಫೈಲನ್ನೇ ತಪ್ಪು ಕನ್ನಡಕ ಹಾಕಿ ಓದಿದ್ದು. ಅಕ್ಷರ ಒಳಗೆ ಭದ್ರವಾಗಿದೆ. ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಎದ್ದು ಬರುತ್ತದೆ. ಆದರೆ ನಿಮಗೆ ಕೆಲವು ಎಂಟ್ರಿಗಳಲ್ಲಿ ಮಾತ್ರ ಹೀಗೆ ಆಗಿದೆ, ಉಳಿದ ಕನ್ನಡ ಪ್ರಶ್ನಾರ್ಥಕ ಚಿಹ್ನೆಯಾದಾಗಲೂ ಇವು ಬದಲಾಗಲಿಲ್ಲ. ಇದನ್ನು ನೋಡಿದರೆ ಅವು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಆದವು. ಯಾವುದೋ ಹಳೆಯ ಲೇಖನಸೂಚಿಯಿಂದ ಕಾಪಿ ಮಾಡಿ ಅಂಟಿಸಿದ್ದಿರಬೇಕು, ಅಲ್ವಾ? ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ, ಹೊಟ್ಟೆಯೊಳಗೆ ಇಂಗ್ಲಿಷ್. ಫಾಂಟಿನ ವೇಷ ಕಳಚಿದ ಕೂಡಲೇ ಒಳಗಿನದು ಕಾಣುತ್ತದೆ. ಹಾಗಾಗಿ ಎಕ್ಸ್‌ಪೋರ್ಟ್ ಇವುಗಳನ್ನು ಕೆಡಿಸಲಿಲ್ಲ, ಅವು ನಾಲ್ಕು ವರ್ಷದಿಂದ ಹಾಗೇ ಇದ್ದವು. ಹಳೆಯ ಎನ್‌ಕೋಡಿಂಗ್‌ನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಎಂಟ್ರಿಯ ಶೀರ್ಷಿಕೆ, ಲೇಖಕ, ಪ್ರಕಾಶಕ ಒಂದೊಂದನ್ನೇ ಹಾಕಿ ಬದಲಿಸಿ. ಇಡೀ ಎಂಟ್ರಿಯನ್ನು ಒಟ್ಟಿಗೆ ಹಾಕಬೇಡಿ, ನಿಜವಾದ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರಗಳಾಗಿ ಕಲಸಿಹೋಗುತ್ತವೆ. ಆಮೇಲೆ ಅರ್ಕಾವೊತ್ತು, ಒತ್ತಕ್ಷರ ಕಣ್ಣಿಟ್ಟು ನೋಡಿ. ಪರಿವರ್ತಕಗಳು ಎಡವುವುದು ಅಲ್ಲೇ.

ಇನ್ನು ಮೊದಲ ಸಲ ಬಂದ ಆ ಪಟ್ಟಿ. ಇದು ಎಂಡ್‌ನೋಟ್‌ಗೆ ಹೊಸಬರಾದ ಎಲ್ಲರೂ ಬೀಳುವ ಗುಂಡಿ. ಎಕ್ಸ್‌ಪೋರ್ಟ್ ಕೊಟ್ಟಾಗ ಔಟ್‌ಪುಟ್ ಸ್ಟೈಲ್ ಎಂದು ಒಂದು ಆಯ್ಕೆ ಇರುತ್ತದೆ. ಅಲ್ಲಿ ಎಪಿಎ ಇದ್ದರೆ ಎಪಿಎ ಶೈಲಿಯ ಗ್ರಂಥಸೂಚಿ ಬರುತ್ತದೆ. ಓದಲು ಚಂದ, ಇನ್ನೊಂದು ಸಾಫ್ಟ್‌ವೇರ್‌ಗೆ ಮಾತ್ರ ಅದು ಬರೀ ಗದ್ಯ. ಯಾವುದು ಲೇಖಕ, ಯಾವುದು ಪುಸ್ತಕ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಬೇರೆ ಸಾಫ್ಟ್‌ವೇರ್‌ಗೆ ಓದಲು ಬರುವ ಆರ್‌ಐಎಸ್ ಎಂಬ ಫಾರ್ಮ್ಯಾಟ್ ಬೇಕಾದರೆ ಸ್ಟೈಲ್ ಪಟ್ಟಿಯಲ್ಲಿ ರೆಫ್‌ಮ್ಯಾನ್ ಆರ್‌ಐಎಸ್ ಎಕ್ಸ್‌ಪೋರ್ಟ್ ಎಂಬುದನ್ನೇ ಆರಿಸಬೇಕು, ಬಿಬ್‌ಟೆಕ್ ಬೇಕಾದರೆ ಬಿಬ್‌ಟೆಕ್ ಎಕ್ಸ್‌ಪೋರ್ಟ್ ಎಂಬುದನ್ನು. ಆರಿಸಿದ ರೆಫರೆನ್ಸ್ ಮಾತ್ರ ಕಳಿಸಬೇಕೇ ಎಂಬ ಚೌಕದಲ್ಲಿ ಟಿಕ್ ಇದೆಯೇ ಎಂದೂ ನೋಡಿ. ಅದನ್ನು ನೋಡದೆ 600ರ ಬದಲು 6 ಎಂಟ್ರಿ ಹಿಡಿದುಕೊಂಡು ಮನೆಗೆ ಹೋದವರು ನನಗೆ ಗೊತ್ತು.

ಈ ಫಾರ್ಮ್ಯಾಟುಗಳು ಒಳಗಿನಿಂದ ಹೇಗಿರುತ್ತವೆ ಎಂದು ಒಮ್ಮೆ ತಿಳಿದರೆ ಅರ್ಧ ಭಯ ಹೋಗುತ್ತದೆ. ಆರ್‌ಐಎಸ್ ಬರೀ ಪಠ್ಯ. ಒಂದೊಂದು ಸಾಲಿಗೂ ಎರಡು ಅಕ್ಷರದ ಗುರುತು, ಆಮೇಲೆ ಒಂದು ಅಡ್ಡಗೆರೆ, ಆಮೇಲೆ ವಿಷಯ. ಟಿವೈ ಎಂದು ಶುರುವಾಗಿ ಇಆರ್ ಎಂದು ಮುಗಿದರೆ ಒಂದು ಎಂಟ್ರಿ. ಎಯು ಅಂದರೆ ಲೇಖಕ. ಬಿಬ್‌ಟೆಕ್ 1985ರಿಂದ ಇದೆ, ಲೇಟೆಕ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರಿನಲ್ಲಿ ಬರೆಯುವವರಿಗಾಗಿ ಹುಟ್ಟಿದ್ದು. ಅದರಲ್ಲಿ ಎಲ್ಲವೂ ಆವರಣಗಳೊಳಗೆ, ಪ್ರತಿ ಎಂಟ್ರಿಗೂ ಒಂದು ಕೀ. ಅದರ ಮೂಲ ಶೈಲಿಗಳಿಗೆ ಗೊತ್ತಿರುವುದು ಹದಿನಾಲ್ಕೇ ಬಗೆಯ ಎಂಟ್ರಿ. ಪುಸ್ತಕ, ಲೇಖನ, ಪಿಎಚ್‌ಡಿ ಪ್ರಬಂಧ, ಹೀಗೆ. ಸಂದರ್ಶನಕ್ಕೆ ಅಲ್ಲಿ ಜಾಗವಿಲ್ಲ, ದಿನಪತ್ರಿಕೆಯ ವರದಿಗೂ ಇಲ್ಲ. ನಿಮ್ಮ ವಿಷಯದಲ್ಲಿ ಇವೇ ಹೆಚ್ಚು ಇರಬಹುದು. ಎಂಡ್‌ನೋಟ್‌ನಿಂದ ಬಿಬ್‌ಟೆಕ್, ಬಿಬ್‌ಟೆಕ್‌ನಿಂದ ಝೊಟೆರೋ ಎಂದು ಸುತ್ತು ಹೊಡೆದರೆ ಸಂದರ್ಶನವೆಲ್ಲ 'ಇತರೆ' ಆಗುತ್ತದೆ, ವರದಿಯೆಲ್ಲ ಲೇಖನವಾಗುತ್ತದೆ. ದೊಡ್ಡ ಪಾತ್ರೆಯಿಂದ ಸಣ್ಣ ಪಾತ್ರೆಗೆ ಸುರಿದು ಮತ್ತೆ ದೊಡ್ಡದಕ್ಕೆ ಹಾಕಿದರೆ ಚೆಲ್ಲಿದ್ದು ವಾಪಸ್ ಬರುವುದಿಲ್ಲ.

ಆದ್ದರಿಂದ ನಿಮ್ಮ ದಾರಿ ಹೀಗಿರಲಿ. ಎಂಡ್‌ನೋಟ್‌ನಿಂದ ಝೊಟೆರೋಗೆ ಎಕ್ಸ್‌ಎಂಎಲ್ ಎಂಬ ಇನ್ನೊಂದು ಫಾರ್ಮ್ಯಾಟಿನ ಮೂಲಕ ಹೋಗಿ. ಮೇಷ್ಟ್ರಿಗೆ ಬೇಕಾದ ಬಿಬ್‌ಟೆಕ್ ಆಮೇಲೆ ಝೊಟೆರೋದಿಂದ ತೆಗೆಯಿರಿ. ಎಕ್ಸ್‌ಎಂಎಲ್ ಏಕೆಂದರೆ ಪಿಡಿಎಫ್ ಬರುವುದು ಆ ದಾರಿಯಲ್ಲಿ. ಅದಕ್ಕೂ ಒಂದು ಗುಟ್ಟು ಇದೆ. ಎಂಡ್‌ನೋಟ್ ಲೈಬ್ರರಿಯ ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ ಡೇಟಾ ಎಂದಿರುವ ಫೋಲ್ಡರ್ ಇರುತ್ತದೆ. ಅದರೊಳಗೆ ಪಿಡಿಎಫ್ ಎಂಬ ಫೋಲ್ಡರ್. ಎಕ್ಸ್‌ಎಂಎಲ್ ಫೈಲನ್ನು ಆ ಡೇಟಾ ಫೋಲ್ಡರಿನೊಳಗೇ ಸೇವ್ ಮಾಡಬೇಕು. ಆಮೇಲೆ ಇಡೀ ಫೋಲ್ಡರನ್ನು ಲ್ಯಾಪ್‌ಟಾಪಿಗೆ ತಂದು, ಅಲ್ಲಿಂದಲೇ ಝೊಟೆರೋದ ಇಂಪೋರ್ಟ್‌ಗೆ ಕೊಡಬೇಕು. ಎಕ್ಸ್‌ಎಂಎಲ್‌ನಲ್ಲಿ ಇರುವುದು ಪಿಡಿಎಫ್ ಅಲ್ಲ, ಪಿಡಿಎಫ್ ಎಲ್ಲಿದೆ ಎಂಬ ವಿಳಾಸ ಮಾತ್ರ. ಪಕ್ಕದಲ್ಲೇ ಫೋಲ್ಡರ್ ಇದ್ದರೆ ಝೊಟೆರೋ ಹುಡುಕಿಕೊಳ್ಳುತ್ತದೆ. ನಿಮಗೆ ಪಿಡಿಎಫ್ ಬರದಿದ್ದದ್ದು ಇದಕ್ಕೇ.

ಈ ದಾರಿಯಲ್ಲಿ ಕಳೆದುಹೋಗುವುದು ಗ್ರೂಪುಗಳು. ಅಧ್ಯಾಯವಾರು ಗ್ರೂಪ್ ಮಾಡಿಟ್ಟಿದ್ದರೆ ಅವು ಎಕ್ಸ್‌ಎಂಎಲ್ ಜೊತೆ ಬರುವುದಿಲ್ಲ. ಮೊದಲೇ ಒಂದೊಂದು ಗ್ರೂಪನ್ನು ತೆರೆದು, ಅದರ ಎಲ್ಲ ಎಂಟ್ರಿಗಳ ಕೀವರ್ಡ್ ಜಾಗಕ್ಕೆ 'ಅಧ್ಯಾಯ 2' ಎಂದು ಸೇರಿಸಿಬಿಡಿ. ಫೀಲ್ಡುಗಳನ್ನು ಒಟ್ಟಿಗೆ ಬದಲಿಸುವ ಸೌಲಭ್ಯ ಎಂಡ್‌ನೋಟ್‌ನಲ್ಲಿದೆ, ಒಂದೊಂದೇ ಮಾಡಬೇಕಿಲ್ಲ. ಹಳೆಯ ಕೀವರ್ಡ್ ಅಳಿಸದೆ ಕೊನೆಗೆ ಸೇರಿಸು ಎಂಬ ಆಯ್ಕೆ ನೋಡಿ ಒತ್ತಿ. ಝೊಟೆರೋದಲ್ಲಿ ಅವು ಟ್ಯಾಗ್ ಆಗಿ ಕಾಣಿಸುತ್ತವೆ. ಝೊಟೆರೋ ಸರ್ವರಿನಲ್ಲಿ ಫೈಲುಗಳಿಗೆ ಪುಕ್ಕಟೆ ಸಿಗುವ ಜಾಗ 300 ಎಂಬಿ ಎಂಬುದೂ ನೆನಪಿರಲಿ. ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆ ಹತ್ತಿಪ್ಪತ್ತು ಹಾಕಿದರೆ ತುಂಬಿತು. ಪಿಡಿಎಫ್ ಲ್ಯಾಪ್‌ಟಾಪಿನಲ್ಲೇ ಇರಲಿ, ಎಂಟ್ರಿಗಳನ್ನು ಮಾತ್ರ ಸಿಂಕ್ ಮಾಡಿ. ಅದಕ್ಕೆ ಈ ಮಿತಿ ಇಲ್ಲ.

ಈಗ ಹೆಸರುಗಳಿಗೆ ಬರೋಣ. ನಿಜ ಹೇಳಬೇಕೆಂದರೆ ನಿಮ್ಮ ಸಮಸ್ಯೆಯಲ್ಲಿ ಕಷ್ಟದ ಭಾಗ ಇದೊಂದೇ. ಉಳಿದದ್ದೆಲ್ಲ ಗುಂಡಿ ಒತ್ತುವ ಕೆಲಸ.

ಈ ಸಾಫ್ಟ್‌ವೇರ್‌ಗಳನ್ನು ಮಾಡಿದವರ ತಲೆಯಲ್ಲಿ ಇರುವುದು ಪಶ್ಚಿಮದವರ ಹೆಸರು. ಮೊದಲು ಸ್ವಂತ ಹೆಸರು, ಕೊನೆಗೆ ಮನೆತನದ ಹೆಸರು. ನಡುವೆ ಅಲ್ಪವಿರಾಮ ಇಲ್ಲದಿದ್ದರೆ ಎಂಡ್‌ನೋಟ್ ಆಗಲಿ ಬಿಬ್‌ಟೆಕ್ ಆಗಲಿ ಕೊನೆಯ ಪದವನ್ನೇ ಸರ್‌ನೇಮ್ ಎಂದು ಹಿಡಿಯುತ್ತದೆ. ಕಾಸರಗೋಡಿನಲ್ಲಿ ಇದು ಎಷ್ಟು ಎಡವಟ್ಟು ಎಂದು ನೋಡಿ. ಎಂ. ಗೋವಿಂದ ಪೈ ಎಂದು ಬರೆದರೆ ಪೈ ಸರ್‌ನೇಮ್ ಆಗುತ್ತದೆ, ಪಟ್ಟಿಯಲ್ಲಿ 'ಪ'ದ ಅಡಿಗೆ ಹೋಗುತ್ತಾರೆ. ಮಂಜೇಶ್ವರದವರನ್ನು ಯಾರಾದರೂ 'ಪ'ದಲ್ಲಿ ಹುಡುಕುತ್ತಾರೆಯೇ? ಕಯ್ಯಾರ ಕಿಞ್ಞಣ್ಣ ರೈ ಅವರಲ್ಲಿ ಮೊದಲ ಪದ ಊರು, ಕೊನೆಯದು ಕುಲನಾಮ, ಜನ ಕರೆಯುವುದು ಕಯ್ಯಾರರು ಎಂದು. ಮಲಯಾಳದ ಎಂಟ್ರಿಗಳಲ್ಲಿ ಇನ್ನೊಂದು ತಮಾಷೆ. ಅಲ್ಲಿ ಎಷ್ಟೋ ಜನ ಇನಿಷಿಯಲ್ಲನ್ನು ಹೆಸರಿನ ಹಿಂದೆ ಬರೆಯುತ್ತಾರೆ. ರಾಮನ್ ಕೆ. ಪಿ. ಎಂಬಂಥ ಹೆಸರಿದ್ದರೆ ಬಿಬ್‌ಟೆಕ್ ಪ್ರಕಾರ ಅವರ ಮನೆತನ 'ಪಿ.'! ನಿಮಗೆ ತಲೆಕೆಳಗಾಗಿ ಕಂಡದ್ದು ಇಂಥವೇ ಇರಬೇಕು.

ಪರಿಹಾರ ಅಲ್ಪವಿರಾಮದಲ್ಲಿದೆ. ಅಲ್ಪವಿರಾಮದ ಮೊದಲು ಏನಿದೆಯೋ ಅದು ಸರ್‌ನೇಮ್, ಆಮೇಲಿನದು ಉಳಿದದ್ದು. ನಮ್ಮ ಕನ್ನಡ ಪ್ರಬಂಧಗಳಲ್ಲಿ ಹಿಂದಿನಿಂದ ಬಂದ ಕ್ರಮವೂ ಇದಕ್ಕೆ ಹೊಂದುತ್ತದೆ. 'ಗೋವಿಂದ ಪೈ, ಎಂ.' ಎಂದು ಹಾಕಿ. ಆಗ ಪಟ್ಟಿಯಲ್ಲಿ 'ಗ'ದಲ್ಲಿ ಬರುತ್ತಾರೆ, ಒಳಗಿನ ಉಲ್ಲೇಖದಲ್ಲೂ ಬರೀ ಪೈ ಎಂದಾಗದೆ ಗೋವಿಂದ ಪೈ ಎಂದೇ ಕಾಣುತ್ತದೆ. ಹಾಗೇ 'ರಾಮನ್, ಕೆ. ಪಿ.'. ಕಯ್ಯಾರರನ್ನು ಊರಿನ ಹೆಸರಿನಡಿ ಇಡಬೇಕೋ ಕುಲನಾಮದಡಿ ಇಡಬೇಕೋ ಎಂಬುದನ್ನು ನಿಮ್ಮ ಮಾರ್ಗದರ್ಶಕರ ಹತ್ತಿರ ಕೇಳಿ. ಎರಡೂ ಸರಿ, ಆದರೆ ಇಡೀ ಪ್ರಬಂಧಕ್ಕೆ ಒಂದೇ ಇರಬೇಕು. ಇಂಗ್ಲಿಷ್ ಎಂಟ್ರಿಗಳಲ್ಲಿ ಅದೇ ಲೇಖಕರು ಬಂದರೆ ಅಲ್ಲಿ ಪೈ ಎಂಬುದು ಮೊದಲು ಬರಬೇಕೆಂದು ಪರೀಕ್ಷಕರು ಹೇಳಬಹುದು. ಅದೂ ಮೊದಲೇ ಕೇಳಿಟ್ಟರೆ ಒಳ್ಳೆಯದು.

ಇಬ್ಬರು ಲೇಖಕರಿದ್ದಾಗ ನಡುವೆ 'ಮತ್ತು' ಎಂದು ಬರೆದಿದ್ದೀರಾ? ನೋಡಿಕೊಳ್ಳಿ. ಎಂಡ್‌ನೋಟ್‌ನಲ್ಲಿ ಒಬ್ಬರಿಗೆ ಒಂದು ಸಾಲು. ಬಿಬ್‌ಟೆಕ್‌ನಲ್ಲಿ ಇಂಗ್ಲಿಷ್‌ನ 'ಆ್ಯಂಡ್' ಪದವೇ ಬೇಕು, ಹೆಸರು ಕನ್ನಡದಲ್ಲಿದ್ದರೂ ಸಹ. 'ಮತ್ತು' ಎಂದರೆ ಅದಕ್ಕೆ ಅರ್ಥವಾಗದು, ಇಬ್ಬರನ್ನೂ ಸೇರಿಸಿ ಒಬ್ಬರನ್ನಾಗಿ ಮಾಡುತ್ತದೆ.

ಸಂಸ್ಥೆಯೇ ಲೇಖಕ ಆಗಿರುವಾಗ ಇನ್ನೂ ಚಂದ. ನಿಮ್ಮ ವಿಷಯಕ್ಕೆ ಮಹಾಜನ್ ಆಯೋಗದ 1967ರ ವರದಿ ಇಲ್ಲದೆ ಆಗುವುದಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದದ್ದು ಅದೇ ತಾನೆ. ಅದಕ್ಕೆ ಲೇಖಕರ ಜಾಗದಲ್ಲಿ ಭಾರತ ಸರ್ಕಾರ ಎಂದು ಹಾಕಿದರೆ, ಸರ್ಕಾರ ಎಂಬುದು ಸರ್‌ನೇಮ್, ಭಾರತ ಎಂಬುದು ಅವರ ಹೆಸರು ಆಗಿ ಕೂರುತ್ತದೆ. ಎಂಡ್‌ನೋಟ್‌ನಲ್ಲಿ ಇದಕ್ಕೆ ಮದ್ದು, ಕೊನೆಯಲ್ಲಿ ಒಂದು ಅಲ್ಪವಿರಾಮ: 'ಭಾರತ ಸರ್ಕಾರ,' ಎಂದು. ಝೊಟೆರೋದಲ್ಲಿ ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಪೆಟ್ಟಿಗೆ ಒಂದಾಗುತ್ತದೆ. ಬಿಬ್‌ಟೆಕ್‌ನಲ್ಲಿ ಜೋಡಿ ಆವರಣ. ಝೊಟೆರೋದಲ್ಲಿ ಒಂದೇ ಪೆಟ್ಟಿಗೆ ಮಾಡಿಟ್ಟರೆ ಬಿಬ್‌ಟೆಕ್‌ಗೆ ಹೋಗುವಾಗ ಆ ಜೋಡಿ ಆವರಣ ತಾನಾಗಿಯೇ ಬರುತ್ತದೆ.

ವರ್ಷವನ್ನು ಕನ್ನಡ ಅಂಕಿಯಲ್ಲಿ ಹಾಕಿದ್ದರೆ ಇಂಗ್ಲಿಷ್ ಅಂಕಿಗೆ ಬದಲಿಸಿ. ಅಭಿಮಾನ ನನಗೂ ಇದೆ, ಆದರೆ ೧೯೫೬ ಒಂದು ವರ್ಷ ಎಂದು ಈ ಸಾಫ್ಟ್‌ವೇರ್‌ಗಳು ಗುರುತಿಸುತ್ತವೆ ಎಂದು ನಂಬಿ ಕೂರುವ ಹಾಗಿಲ್ಲ, ವಿಂಗಡಣೆ ಎಲ್ಲ ಏರುಪೇರಾಗುತ್ತದೆ. ಹಳೆಯ ಪುಸ್ತಕದಲ್ಲಿ ವಿಕೃತಿ ಸಂವತ್ಸರ ಎಂದು ಮಾತ್ರ ಇದ್ದರೆ ವರ್ಷದ ಜಾಗಕ್ಕೆ 1950 ಹಾಕಿ, ಸಂವತ್ಸರವನ್ನು ಟಿಪ್ಪಣಿಯ ಜಾಗಕ್ಕೆ ಹಾಕಿ. ಯುಗಾದಿಯಿಂದ ಯುಗಾದಿಗೆ ಲೆಕ್ಕವಾದ್ದರಿಂದ ಅದು 1951ರ ಮೊದಲ ತಿಂಗಳುಗಳೂ ಆಗಿರಬಹುದು ಎಂಬುದನ್ನೂ ಅಲ್ಲೇ ಬರೆದಿಡಿ.

ಇದೆಲ್ಲವನ್ನೂ ಎಂಡ್‌ನೋಟ್‌ನಲ್ಲೇ ಸರಿ ಮಾಡಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ. 612ನ್ನೂ ಒಟ್ಟಿಗೆ ಅಲ್ಲ. ಮೊದಲು ಹತ್ತು ಎಂಟ್ರಿ ಆರಿಸಿ. ಸುಲಭದ್ದಲ್ಲ, ಅತ್ಯಂತ ಕಿರಿಕಿರಿಯ ಹತ್ತು. ಒಂದು ಸರ್ಕಾರಿ ವರದಿ, ಇನಿಷಿಯಲ್ ಹಿಂದಿರುವ ಒಬ್ಬ ಮಲಯಾಳಿ ಲೇಖಕ, ಇಬ್ಬರು ಲೇಖಕರ ಒಂದು ಪುಸ್ತಕ, ಒಂದು ಸಂದರ್ಶನ, ಪಿಡಿಎಫ್ ಇರುವ ಒಂದು, 'ಞ್ಞ'ದಂಥ ಒತ್ತಕ್ಷರ ಇರುವ ಒಂದು. ಈ ಹತ್ತು ಸರಿಯಾಗಿ ದಾಟಿದರೆ ಉಳಿದ 602 ದಾಟುತ್ತವೆ. ನಾನು ಯಾರದ್ದೇ ಲೈಬ್ರರಿ ಸಾಗಿಸುವುದಾದರೂ ಹೀಗೇ ಮಾಡುವುದು.

ಮೇಷ್ಟ್ರ ಬಿಬ್‌ಟೆಕ್ ವಿಷಯದಲ್ಲಿ ಎರಡೇ ಮಾತು. ಅವರು ಲೇಟೆಕ್ ಬರಹವನ್ನು ಪಿಡಿಎಫ್ ಮಾಡಿಕೊಡುವ ಪಿಡಿಎಫ್‌ಲೇಟೆಕ್‌ನಲ್ಲಿ ಓಡಿಸಿದರೆ ಕನ್ನಡ ಸರಿಯಾಗಿ ಮೂಡುವುದಿಲ್ಲ. ಝೀಲೇಟೆಕ್ ಅಥವಾ ಲುವಾಲೇಟೆಕ್ ಬೇಕು, ಜೊತೆಗೆ ಗ್ರಂಥಸೂಚಿ ಜೋಡಿಸಿಕೊಡುವ ಬೈಬರ್ ಇದ್ದರೆ ಅಕಾರಾದಿ ಕ್ರಮವೂ ಸರಿಯಾಗಿ ಬರುತ್ತದೆ. ಕನ್ನಡದ್ದೊಂದು, ಇಂಗ್ಲಿಷ್‌ನದ್ದೊಂದು ಎಂದು ಬೇರೆ ಬೇರೆ ಗ್ರಂಥಸೂಚಿ ಬೇಕಾದರೆ ಕೀವರ್ಡ್ ಕೊಟ್ಟು ಬೇರ್ಪಡಿಸಲೂ ಆಗುತ್ತದೆ. ಮತ್ತೊಂದು, ಕೀಗಳು ಇಂಗ್ಲಿಷ್ ಅಕ್ಷರದಲ್ಲಿರಲಿ, ಒಮ್ಮೆ ಕೊಟ್ಟ ಮೇಲೆ ಬದಲಿಸಬೇಡಿ. ಅವರ ಬರಹದಲ್ಲಿರುವ ಉಲ್ಲೇಖಗಳೆಲ್ಲ ಆ ಕೀಗೆ ನೇತುಬಿದ್ದಿರುತ್ತವೆ.

ಕೊನೆಗೆ ಆ ಮೂರು ಅಧ್ಯಾಯ. ಇಲ್ಲಿ ಸಿಹಿ ಸುದ್ದಿ ಇಲ್ಲ. ಲೈಬ್ರರಿ ಸಾಗಿಸಿದರೆ ವರ್ಡ್ ಫೈಲಿನೊಳಗಿನ ಉಲ್ಲೇಖಗಳೂ ತಾವಾಗಿ ಬರುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ಅವು ಎಂಡ್‌ನೋಟ್‌ನ ಕೋಡಿಗೆ ಕಟ್ಟುಬಿದ್ದಿವೆ, ಝೊಟೆರೋಗೆ ಅದು ಓದಲು ಬಾರದು. ನಿಮ್ಮ ಮುಂದೆ ಇರುವ ದಾರಿ ಮೂರು. ಎಲ್ಲವನ್ನೂ ಪ್ಲೇನ್ ಟೆಕ್ಸ್ಟ್ ಮಾಡಿ ಮುಂದೆ ಕೈಯಲ್ಲೇ ತಿದ್ದುತ್ತಾ ಹೋಗುವುದು ಒಂದು. ಬೇಗ ಮುಗಿಯುತ್ತದೆ, ಆದರೆ ಮಾರ್ಗದರ್ಶಕರು ಶೈಲಿ ಬದಲಿಸಲು ಹೇಳಿದ ದಿನ ಅಳು ಬರುತ್ತದೆ. ವಿಭಾಗದಲ್ಲಿ ಕೇಳಿಕೊಂಡು ಸಲ್ಲಿಕೆಯವರೆಗೂ ಎಂಡ್‌ನೋಟ್‌ನಲ್ಲೇ ಮುಂದುವರಿಯುವುದು ಇನ್ನೊಂದು. ಅನುಮತಿ ಸಿಗುವ ಹಾಗಿದ್ದರೆ ಇದೇ ಒಳ್ಳೆಯದು, ನಾಚಿಕೆ ಬಿಟ್ಟು ಕೇಳಿ. ಅದೂ ಆಗದಿದ್ದರೆ ಅಧ್ಯಾಯಗಳ ನಕಲು ಮಾಡಿ, ಆ ನಕಲಿನಲ್ಲಿ ಎಂಡ್‌ನೋಟ್‌ನ ಅನ್‌ಫಾರ್ಮ್ಯಾಟೆಡ್ ಸೈಟೇಶನ್ ಎಂಬ ಆಯ್ಕೆ ಒತ್ತಿ. ಪ್ರತಿ ಉಲ್ಲೇಖವೂ ಆವರಣದೊಳಗೆ ಹೆಸರು, ವರ್ಷ, ನಂಬರ್ ಆಗಿ ಎದ್ದು ಕಾಣುತ್ತದೆ. ಒಂದೊಂದನ್ನೇ ಅಳಿಸಿ ಆ ಜಾಗಕ್ಕೆ ಝೊಟೆರೋದಿಂದ ಹಾಕುತ್ತಾ ಹೋಗಿ. ಬೇಸರದ ಕೆಲಸ, ಮೂರು ಅಧ್ಯಾಯಕ್ಕೆ ಎರಡು ಮೂರು ದಿನ ಹಿಡಿಯಬಹುದು. ಆದರೆ ಪುಟಸಂಖ್ಯೆ ತಪ್ಪಿದ್ದು, ಲೇಖಕರು ಅದಲು ಬದಲಾದದ್ದು ಇದೇ ನೆಪದಲ್ಲಿ ಕಣ್ಣಿಗೆ ಬೀಳುತ್ತವೆ. ಒಂದೇ ಫೈಲಿನಲ್ಲಿ ಅರ್ಧ ಎಂಡ್‌ನೋಟ್, ಅರ್ಧ ಝೊಟೆರೋ ಮಾತ್ರ ಬಿಡಬೇಡಿ. ಎರಡು ಗ್ರಂಥಸೂಚಿ ಹುಟ್ಟುತ್ತವೆ, ಒಂದಕ್ಕೆ ಇನ್ನೊಂದರ ಪರಿಚಯ ಇರುವುದಿಲ್ಲ.

ಅಂಗಡಿಯವರಿಗೆ ಎಂಟ್ರಿಗೆ ಐದರಂತೆ 3,060 ರೂಪಾಯಿ ಕೊಡಬೇಡಿ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಪುಸ್ತಕದ ಹೆಸರನ್ನು ಆಮೇಲೆ ಕನ್ನಡಕ್ಕೆ ತಿರುಗಿಸುವಾಗ ಳ ಯಾವುದು, ಲ ಯಾವುದು ಎಂದು ನೀವೇ ಮತ್ತೆ ಪುಸ್ತಕ ಹುಡುಕಿ ಹೋಗಬೇಕಾಗುತ್ತದೆ. ಬೈಂಡಿಂಗ್ ಅವರಲ್ಲಿ ಚೆನ್ನಾಗಿ ಮಾಡುತ್ತಾರೆ ಎಂದಾದರೆ ಅದಕ್ಕೆ ಹೋಗಿ. ವರ್ಡ್ ಫೈಲ್ ಅಲ್ಲ, ಪಿಡಿಎಫ್ ಮಾಡಿಕೊಂಡೇ ಹೋಗಿ.